ಇಪ್ಪತ್ತಮೂರನೇ ಲ್ಯಾಪ್‌ಟಾಪ್

ಹೊಲಿಗೆ ಟೀಚರ್ ಲ್ಯಾಪ್‌ಟಾಪನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಚೀಲದೊಳಗೆ ಇಳಿಸಿದವಳು, ಇಳಿಸಿದ ಕೈಯಲ್ಲೇ ಮತ್ತೆ ಹೊರತೆಗೆದು, ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿ ಗುಂಡಿ ಒತ್ತಿದಳು. ಮೂರು ಎಣಿಸುವಷ್ಟು ಹೊತ್ತು ಕತ್ತಲು. ಆಮೇಲೆ ಪರದೆ ನೀಲಿಯಾಗಿ ಬೆಳಗಿ, ಸಣ್ಣದೊಂದು ಗಂಟೆಯ ಸದ್ದಾಗಿ, 'ಬಾ, ನಿಲ್ಲಿಸಿದಲ್ಲಿಂದ ಶುರು ಮಾಡೋಣ' ಎಂಬ ಅಕ್ಷರಗಳು ಮೂಡಿದವು. ಬೆಳಗಿನಿಂದ ಇದು ನಾಲ್ಕನೇ ಸಲ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದ ಗಂಡ, ಶೂ ಹಾಕಿಕೊಳ್ಳುತ್ತ, ತೊಟ್ಟಿಲಲ್ಲಿರೋ ಮಗು ಉಸಿರಾಡ್ತಿದೆಯಾ ಇಲ್ಲವಾ ಅಂತ ನೋಡೋ ಹಾಗೆ ಎಷ್ಟು ಸಲ ನೋಡ್ತೀಯ ಎಂದು ನಕ್ಕ. ಅವಳು ನಗಲಿಲ್ಲ. ಪರದೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ 'ಒಂಬತ್ತನೇ ಪಾಠ, ಮೂರನೇ ಪ್ರಶ್ನೆ' ಎಂದಿತ್ತು. ಇದನ್ನು ಬಳಸುತ್ತಿದ್ದ ಹುಡುಗಿ ನಿಲ್ಲಿಸಿದ್ದು ಅಲ್ಲಿಗೆ. ಒಂದು ರೊಟ್ಟಿಯನ್ನು ಎಂಟು ಭಾಗ ಮಾಡಿ ಮೂರನ್ನು ತಿಂದರೆ ಉಳಿದದ್ದೆಷ್ಟು ಎಂಬ ಪ್ರಶ್ನೆ. ಉತ್ತರದ ಚೌಕ ನಾಲ್ಕು ತಿಂಗಳಿನಿಂದ ಖಾಲಿಯಾಗಿ ಕೂತಿತ್ತು. ಕಳೆದ ಭಾನುವಾರ ಇದು ಮೊದಲ ಬಾರಿಗೆ ಉರಿದಾಗ ಅವಳ ಬೆರಳು ಆ ಚೌಕದ ಮೇಲೆ ಹೋಗಿ, ಒತ್ತದೆ ಹಿಂದೆ ಬಂದಿತ್ತು. ಆ ಹೊತ್ತಿನಲ್ಲಿ ಅವಳಿಗೆ ಬರಬೇಕಾಗಿದ್ದದ್ದು ಅಳು. ಬಂದದ್ದು ಹೆಮ್ಮೆ. ಹೊಟ್ಟೆಯೊಳಗಿಂದ ಉಕ್ಕಿ ಕಿವಿಯವರೆಗೂ ಬಿಸಿಯಾಗಿ ಹರಡಿದ ಹೆಮ್ಮೆ. ಅದು ಐದು ದಿನ ಕಳೆದರೂ ಇಳಿದಿರಲಿಲ್ಲ. ಮಾಡಿದ್ದು ತಪ್ಪು, ಬಂದದ್ದು ಹೆಮ್ಮೆ. ಇದೆಂಥ ಹೆಂಗಸು ನಾನು ಎಂದುಕೊಳ್ಳುತ್ತ ಅವಳು ಮುಚ್ಚಳ ಹಾಕಿದಳು. ಕೀಲು ಸದ್ದು ಮಾಡಲಿಲ್ಲ. ಹಿಂದೆ ಕೀಲಿಗೆ ಬಿಟ್ಟಿದ್ದ ಎಣ್ಣೆ ತನ್ನ ಕೆಲಸವನ್ನಂತೂ ಮಾಡಿತ್ತು.

ನಿನ್ನೆ ಸಂಜೆ ಹೆಡ್ ಮೇಡಂ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, ಲ್ಯಾಪ್‌ಟಾಪ್ ಕೊಟ್ಟ ಸಂಸ್ಥೆಯಿಂದ ನಾಳೆ ತಪಾಸಣೆಗೆ ಬರುತ್ತಾರೆ, ನಲವತ್ತೂ ಕಣ್ಣೆದುರು ಇರಬೇಕು, ಉರಿಯುವುದೂ ಸರಿ, ಕೆಟ್ಟದ್ದೂ ಸರಿ ಎಂದು ಹೇಳಿ ಹೋಗಿದ್ದರು. ಕೆಟ್ಟದ್ದು ಹನ್ನೊಂದು. ಅವು ಇದ್ದದ್ದು ಹೊಲಿಗೆ ಟೀಚರಿನ ಬಟ್ಟೆಯ ಬೀರುವಿನಲ್ಲಿ. ಶಾಲೆಯಲ್ಲಿ ಗಟ್ಟಿ ಬೀಗವಿದ್ದ ಬೀರು ಅದೊಂದೇ ಎಂದು ಅವಳ ಬಟ್ಟೆಗಳನ್ನು ಹೊರಗೆ ಹಾಕಿ ಇವನ್ನು ಒಳಗಿಟ್ಟಿದ್ದರು. ಅವಳ ಹನ್ನೆರಡು ಹೊಲಿಗೆ ಮಿಷನ್ನುಗಳೂ ಹಾಗೆಯೇ ಕೋಣೆಯಿಂದ ಹೊರಬಿದ್ದು ಮೆಟ್ಟಿಲ ಕೆಳಗೆ ಸೇರಿದ್ದವು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಕೂತಾಗ ಅವಳಿಗೆ ಆ ದಿನದ ಬಿಸಿಲು ನೆನಪಾಯಿತು. ಪೆಟ್ಟಿಗೆಗಳು ಬಂದ ದಿನ. ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು, ಕೈಗೆ ಬಂದ ಹಸಿರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಎಡವಿ ಬಿದ್ದರೆ ಗತಿಯೇನು ಎಂಬ ಭಯದಲ್ಲಿ ಮುದುಕರ ಹಾಗೆ ನಡೆಯುತ್ತಿದ್ದವು. ಉಪಾಧ್ಯಾಯರಿಗೆಲ್ಲ ಮೂರು ದಿನದ ತರಬೇತಿ, ಒಂದೊಂದು ಚೀಲ, ಒಂದೊಂದು ಪೆನ್ನು. ಅವಳು ಕುರ್ಚಿ ಎಳೆದುಕೊಂಡು ಕೂತಾಗ ತರಬೇತಿ ಕೊಡಲು ಬಂದಿದ್ದ ಹುಡುಗ ಪಟ್ಟಿ ನೋಡಿ, ಹೊಲಿಗೆಯವರಿಗೆ ಇದು ಬೇಕಾಗಲ್ಲ ಮೇಡಂ, ನಿಮಗೆ ಸುಮ್ಮನೆ ಹೊತ್ತು ಹಾಳು ಎಂದಿದ್ದ. ಮರ್ಯಾದೆಯಾಗಿಯೇ ಹೇಳಿದ್ದ. ಕುರ್ಚಿಯನ್ನು ವಾಪಸು ಗೋಡೆಗೆ ಸೇರಿಸುವಾಗ ಅದರ ಕಾಲು ನೆಲಕ್ಕೆ ಉಜ್ಜಿ ಎಲ್ಲರೂ ತಿರುಗಿ ನೋಡಿದ್ದು ಮಾತ್ರ ಅವಳಿಗೆ ಮರೆತಿರಲಿಲ್ಲ. ಆಮೇಲೆ ಧೂಳು ಕೂರದ ಹಾಗೆ ನಲವತ್ತು ಗವಸು ಹೊಲಿದುಕೊಡಬೇಕಂತೆ ಎಂದಾಗ ಅವಳು ಹೊಲಿದುಕೊಟ್ಟಳು. ಒಂದೊಂದರ ಮೇಲೂ ಬಿಳಿ ದಾರದಲ್ಲಿ ಅಂಕಿ ಕಸೂತಿ ಹಾಕಿದಳು. ಯಾರೂ ಹಾಕು ಎಂದಿರಲಿಲ್ಲ. ಮಕ್ಕಳು ಆ ಅಂಕಿಗಳಿಂದಲೇ ಒಬ್ಬರನ್ನೊಬ್ಬರು ಕರೆಯಲು ಶುರು ಮಾಡಿದವು. ಇಸ್ತ್ರಿ ಅಂಗಡಿಯವಳ ಮಗಳು ಇಪ್ಪತ್ಮೂರು ಆದದ್ದು ಹಾಗೆ. ಲ್ಯಾಪ್‌ಟಾಪ್ ಕೈಬಿಟ್ಟು ಹೋದ ಮೇಲೂ ಹೆಸರು ಉಳಿದುಕೊಂಡಿತು.

ಇಪ್ಪತ್ಮೂರರ ಲ್ಯಾಪ್‌ಟಾಪಿನ ಕೀಲು ಕಿರ್‍ರೆನ್ನುತ್ತಿತ್ತು. ಮುಚ್ಚಳ ಎತ್ತಿದಾಗಲೆಲ್ಲ ಹಿಂದಿನ ಬೆಂಚಿನವರು ಬಾಗಿಲು ತೆಗೀರಪ್ಪ, ಯಾರೋ ಬಂದರು ಎಂದು ನಗುತ್ತಿದ್ದರು. ಆ ಹುಡುಗಿ ಮುಚ್ಚಳವನ್ನು ಉಸಿರು ಬಿಗಿಹಿಡಿದು ಕೂದಲೆಳೆಯಷ್ಟೇ ಎತ್ತುತ್ತ ಹೋಗುವುದನ್ನು ಹೊಲಿಗೆ ಟೀಚರ್ ಕಿಟಕಿಯಾಚೆಯಿಂದ ಒಂದು ದಿನ ನೋಡಿದಳು. ಮರುದಿನ ಶನಿವಾರ. ವಾರಕ್ಕೊಂದೇ ಉಳಿದಿದ್ದ ಹೊಲಿಗೆ ಪಿರಿಯಡ್ಡಿನ ದಿನ. ಬೆಳಿಗ್ಗೆ ಬೇಗ ಬಂದು, ಮಿಷನ್ನುಗಳಿಗೆ ಎಣ್ಣೆ ಬಿಟ್ಟು, ಅದೇ ಬುಡ್ಡಿಯೊಡನೆ ಖಾಲಿ ಕೋಣೆಗೆ ಹೋಗಿ, ಇಪ್ಪತ್ತಮೂರರ ಗವಸು ಸರಿಸಿ, ಎರಡು ಕೀಲಿಗೂ ಎರಡೆರಡು ತೊಟ್ಟು ಬಿಟ್ಟಳು. ಮುಚ್ಚಳ ಎತ್ತಿ ಇಳಿಸಿ ನೋಡಿದರೆ ಬೆಣ್ಣೆಯ ಹಾಗೆ ಆಡಿತು. ಯಾರಿಗೂ ಹೇಳಬೇಕೆನಿಸಲಿಲ್ಲ. ತರಬೇತಿ ಇಲ್ಲದವಳು ಮಾಡಿದ ಈ ಸಣ್ಣ ಉಪಕಾರ ಗುಟ್ಟಾಗಿಯೇ ಇರಲಿ ಎಂಬ ಒಂದು ಸುಖ. ಸೋಮವಾರ ಅದು ಉರಿಯಲಿಲ್ಲ. ಕಂಪ್ಯೂಟರ್ ಮಾಸ್ತರು ಕೀಲಿನ ಹತ್ತಿರ ಬೆರಳಾಡಿಸಿ, ಒದ್ದೆಯಾಗಿದೆ, ನೀರು ಚೆಲ್ಲಿದ್ದೀಯ ಎಂದರು. ನೀರಲ್ಲ ಸರ್ ಎಂದು ಹುಡುಗಿ ಒಂದೇ ಸಲ ಹೇಳಿ ಸುಮ್ಮನಾದಳು. ಅವಳನ್ನು ಇಡೀ ಪಿರಿಯಡ್ ಗೋಡೆಗೆ ನಿಲ್ಲಿಸಿದರು. ಇನ್ನು ಮುಂದೆ ಶಾಲೆಗೆ ನೀರಿನ ಬಾಟಲಿ ತರುವುದಿಲ್ಲ ಎಂದು ತಪ್ಪೊಪ್ಪಿಗೆ ಬರೆಸಿಕೊಂಡರು. ಅಂಗಡಿ ಮುಚ್ಚಿ ಬಂದ ತಾಯಿ ಆ ಕಾಗದದ ಕೆಳಗೆ ಸಹಿ ಹಾಕುವಾಗ ಹೊಲಿಗೆ ಟೀಚರ್ ಅಲ್ಲೇ, ಮೂರು ಮಾರು ದೂರದಲ್ಲಿ, ಒಂದು ಲಾಳಿಗೆ ದಾರ ಸುತ್ತುತ್ತ ನಿಂತಿದ್ದಳು. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಈಗ ಹೇಳಿದರೆ, ಹೊಲಿಗೆಯವಳಿಗೆ ಅಲ್ಲೇನು ಕೆಲಸ ಎನ್ನುತ್ತಾರೆ, ಉಳಿದಿರುವ ಒಂದು ಪಿರಿಯಡ್ಡೂ ಹೋಗುತ್ತದೆ, ನಾಳೆ ಹೇಳೋಣ. ದಾರ ತುಂಬಿ ಲಾಳಿಯಿಂದ ಹೊರಗೆ ಸುತ್ತಿಕೊಳ್ಳುತ್ತಿದ್ದರೂ ಅವಳು ಸುತ್ತುತ್ತಲೇ ಇದ್ದಳು. ಆ ತಾಯಿಯ ಬೆರಳ ತುದಿಗಳಲ್ಲಿ ಸುಟ್ಟು ಹೊಳೆಯುವ ಕಲೆಗಳಿದ್ದವು. ಆಕೆ ಪೆನ್ನನ್ನು ಬಿಸಿ ವಸ್ತುವಿನ ಹಾಗೆ ತುದಿಯಲ್ಲಿ ಹಿಡಿದಿದ್ದಳು.

ನಾಳೆ ಬರಲಿಲ್ಲ. ಕೆಟ್ಟವನ್ನು ಬಿಚ್ಚದೆ, ತಳದ ಕೆಂಪು ಚೀಟಿ ಹರಿಯದೆ ಹಾಗೇ ಕಳಿಸಬೇಕು ಎಂಬುದು ನಿಯಮ. ಒಯ್ಯಲು ಯಾರೂ ಬರಲಿಲ್ಲ. ಇಪ್ಪತ್ಮೂರು ಎಂಬ ಆ ಹುಡುಗಿ ದಿನವೂ ಇಪ್ಪತ್ನಾಲ್ಕು ಎಂಬವಳ ಪಕ್ಕ ಕೂತು, ಕತ್ತು ಓರೆ ಮಾಡಿ, ಅವಳ ಪರದೆಯ ಅಂಚಿನಲ್ಲಿ ಕಂಡಷ್ಟನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದಳು. ಮೂರು ತಿಂಗಳು ಅದನ್ನು ಕಂಡೂ ಕಾಣದಂತೆ ಓಡಾಡಿದ ಹೊಲಿಗೆ ಟೀಚರ್ ಒಂದು ಶನಿವಾರ ಬೀರು ತೆಗೆದವಳು ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಭಾನುವಾರ ಮಧ್ಯಾಹ್ನ, ಕಿಟಕಿಯ ಬೆಳಕಿಗೆ ಮೇಜು ಎಳೆದು, ಕತ್ತರಿಸುವ ಬಟ್ಟೆಗೆ ನಕ್ಷೆ ತೆಗೆಯುವ ಕಂದು ಕಾಗದದ ಮೇಲೆ ಲ್ಯಾಪ್‌ಟಾಪನ್ನು ಮಗುಚಿಟ್ಟು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಒಂದೊಂದು ಸ್ಕ್ರೂ ತೆಗೆದಾಗಲೂ ಅದು ಎಲ್ಲಿತ್ತೋ ಅಲ್ಲೇ ಕಾಗದದ ಮೇಲಿಟ್ಟು ಪಕ್ಕದಲ್ಲಿ ಅಂಕಿ ಬರೆದಳು. ಕೆಂಪು ಚೀಟಿಯನ್ನು ಹರಿಯುವಾಗ ಗಂಡ, ಇನ್ನು ನೀನು ಸಿಕ್ಕಿಬಿದ್ದ ಹಾಗೇ ಎಂದು ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದ. ಒಳಗೆ ನೋಡಿ ಅವಳಿಗೆ ಅಚ್ಚರಿಯಾಯಿತು. ಹೆದರಿಕೊಂಡಷ್ಟು ಏನೂ ಇರಲಿಲ್ಲ. ಎಷ್ಟೋ ವರ್ಷದಿಂದ ಗೊತ್ತಿರುವ ಲೋಕವೇ. ಒಂದು ಇನ್ನೊಂದನ್ನು ಹಿಡಿದಿದೆ, ಅದು ಮತ್ತೊಂದಕ್ಕೆ ಸೇರಿದೆ, ಎಲ್ಲಿ ಬಿಗಿ ಹೆಚ್ಚಾದರೂ ಕಷ್ಟ, ಸಡಿಲವಾದರೂ ಕಷ್ಟ. ಎರಡನೇ ಭಾನುವಾರ ಪರದೆಗೆ ಹೋಗುವ ರಿಬ್ಬನ್ನಿನಂಥ ಪಟ್ಟಿಯ ಬಾಯಿಯಲ್ಲಿ ಎಣ್ಣೆ ಕಂಡಿತು. ಎಣ್ಣೆಗೆ ಧೂಳು ಹತ್ತಿ ಕಪ್ಪು ಅಂಟಾಗಿತ್ತು. ತಾನೇ ಕೆಡಿಸಿದ್ದು ಹೌದೇ ಅಲ್ಲವೇ ಎಂಬ ಅನುಮಾನ ಅಲ್ಲಿಗೆ ಮುಗಿಯಿತು. ಬೇರೆ ಏನಾದರೂ ಕಾರಣ ಸಿಗಲಿ ಎಂದು ಒಳಗೊಳಗೇ ಆಸೆಪಟ್ಟಿದ್ದಳು ಎಂಬುದೂ ಆಗ ಗೊತ್ತಾಯಿತು. ಪಟ್ಟಿಯನ್ನು ಕಳಚಿ, ರಬ್ಬರಿನಿಂದ ಅದರ ಹಳದಿ ಗೆರೆಗಳನ್ನು ಉಜ್ಜಿ, ಕಣ್ಣಿಗೆ ಒತ್ತಿಕೊಳ್ಳುವಷ್ಟು ಮೃದುವಾದ ಬಟ್ಟೆಯಿಂದ ಒರೆಸಿ, ವಾಪಸು ಕೂರಿಸಲು ಮೂರನೇ ಭಾನುವಾರ ಬೇಕಾಯಿತು. ಆಮೇಲೆ ಗಂಟೆಯ ಸದ್ದು.

ಶಾಲೆಯ ಗೇಟು ದಾಟುವಾಗ ಅವಳ ಲೆಕ್ಕ ಸುಲಭವಾಗಿತ್ತು. ಎಲ್ಲರಿಗಿಂತ ಮೊದಲು ಹೋಗಿ ಬೀರುವಿನಲ್ಲಿಟ್ಟುಬಿಡುವುದು. ತಾನಾಗಿಯೇ ಸರಿಹೋಗಿದೆ ಎಂದುಕೊಳ್ಳುತ್ತಾರೆ. ಆದರೆ ಲ್ಯಾಪ್‌ಟಾಪ್ ಕೋಣೆಯ ಬಾಗಿಲು ಆಗಲೇ ತೆರೆದಿತ್ತು. ಬೀರುವೂ ತೆರೆದಿತ್ತು. ಇನ್ನೊಂದು ಕೀಲಿ ಹೆಡ್ ಮೇಡಂ ಬಳಿ ಇರುವುದನ್ನು ಅವಳು ಮರೆತೇಬಿಟ್ಟಿದ್ದಳು. ತಪಾಸಣೆಗೆ ಬಂದಾಕೆ, ಐವತ್ತರ ಹತ್ತಿರದ ಸಣಕಲು ಹೆಂಗಸು, ಮೊದಲ ಬಸ್ಸಿಗೇ ಬಂದು ಕೂತು, ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದರು. ಕೆಟ್ಟವು ಹತ್ತೇ ಇವೆಯಲ್ಲ ಎಂಬ ಅವರ ಮಾತು ಬಾಗಿಲಾಚೆಗೆ ಕೇಳಿಸಿತು. ಇಪ್ಪತ್ತಮೂರು ಇಲ್ಲ ಎಂದರು ಕಂಪ್ಯೂಟರ್ ಮಾಸ್ತರು. ಅಷ್ಟರಲ್ಲಿ ಯಾರೋ ಹೋಗಿ ಆ ಹುಡುಗಿಯನ್ನು ಕರೆದುತಂದಿದ್ದರು. ಕೆಟ್ಟಿರುವುದನ್ನು ಬೇರೆ ಯಾರು ಒಯ್ಯುತ್ತಾರೆ, ಇವಳದೇ ನಂಬರು, ಇವಳಿಗೇ ಗೊತ್ತಿರಬೇಕು ಎಂದು ಮಾಸ್ತರು ಹೇಳುತ್ತಿದ್ದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಹುಡುಗಿ ಯಾರೂ ಹೇಳುವ ಮುಂಚೆಯೇ ತನ್ನ ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿದಳು. ಎರಡು ಪುಸ್ತಕ, ಒಂದು ಸ್ಕೇಲು, ಮೊಂಡು ಪೆನ್ಸಿಲು, ಮಡಿಸಿದ ಕರವಸ್ತ್ರ. ನೀರಿನ ಬಾಟಲಿ ಇರಲಿಲ್ಲ. ಹೊಲಿಗೆ ಟೀಚರಿನ ಕಣ್ಣು ಅಲ್ಲಿ ಇಲ್ಲದ ಆ ಬಾಟಲಿಯ ಮೇಲೆಯೇ ನಿಂತಿತು. ಬರೆದುಕೊಟ್ಟ ಮಾತನ್ನು ಈ ಮಗು ನಾಲ್ಕು ತಿಂಗಳು, ಇಂಥ ಬಿಸಿಲಿನಲ್ಲಿ, ನಡೆಸಿಕೊಂಡು ಬಂದಿದೆ. ಬಾಗಿಲ ಚೌಕಟ್ಟು ಹಿಡಿದು ನಿಂತ ಅವಳಿಗೆ ಈಗಲೂ ಹಿಂದಕ್ಕೆ ಹೆಜ್ಜೆ ಇಡಬಹುದು ಎನ್ನಿಸಿತು. ಮೆಟ್ಟಿಲ ಕೆಳಗೆ ಮಿಷನ್ನುಗಳ ನಡುವೆ ಚೀಲ ಇಟ್ಟು, ಆಮೇಲೆ, ಅರೆ, ಇಲ್ಲಿದೆಯಲ್ಲ ಎನ್ನಬಹುದು. ಆ ಯೋಚನೆ ಬಂದ ಸಲೀಸು ನೋಡಿ ಅವಳು ಚೌಕಟ್ಟಿನಿಂದ ಕೈ ತೆಗೆದಳು.

"ಇಲ್ಲಿದೆ. ನನ್ನ ಹತ್ರ ಇತ್ತು," ಎಂದು ಅವಳು ಒಳಗೆ ಬಂದಳು. "ಅವಳ ಪುಸ್ತಕ ಎತ್ತಿಡಿ."

ಹೊದಿಕೆ ಬಿಚ್ಚಿ, ಮುಚ್ಚಳ ಎತ್ತಿ, ಗುಂಡಿ ಒತ್ತಿದಳು. ಮೂರು ಎಣಿಸುವಷ್ಟು ಹೊತ್ತು ಕತ್ತಲು. ಗಂಟೆಯ ಸದ್ದಾಯಿತು. ತಪಾಸಣೆಯಾಕೆ ರಟ್ಟಿನ ಮೇಲಿನ ಹಾಳೆ ನೋಡಿ, ಇದು ಕೆಟ್ಟವುಗಳ ಪಟ್ಟಿಯಲ್ಲಿದೆಯಲ್ಲ ಎಂದರು. ಇತ್ತು, ನಾನು ಬಿಚ್ಚಿ ಸರಿ ಮಾಡಿದೆ ಎಂದಳು ಹೊಲಿಗೆ ಟೀಚರ್. ಆ ಮಾತು ಹೊರಗೆ ಬಂದ ಮೇಲೆ ಕೋಣೆಯಲ್ಲಿ ಆದದ್ದು ಅವಳು ಎಣಿಸಿರದ ಸಂಗತಿ. ಹೆಡ್ ಮೇಡಂ ಬಾಯಿ ತೆರೆದು, ನಮ್ಮ ಹೊಲಿಗೆ ಟೀಚರಾ ಎಂದರು. ಮಾಸ್ತರು ಬಗ್ಗಿ ಪರದೆ ನೋಡಿ, ಅವಳ ಮುಖ ನೋಡಿ, ಮತ್ತೆ ಪರದೆ ನೋಡಿದರು. ಹದಿನಾರು ವರ್ಷ ಈ ಶಾಲೆಯಲ್ಲಿ ಕೆಲಸ ಮಾಡಿದ ಅವಳನ್ನು ಯಾರೂ ಹೀಗೆ ಹೊಸದಾಗಿ ನೋಡಿರಲಿಲ್ಲ. ಸಾಕು, ಇಲ್ಲಿಗೆ ನಿಲ್ಲಿಸು ಎಂದಿತು ಒಳಗಿನ ದನಿ. ಲ್ಯಾಪ್‌ಟಾಪ್ ಸಿಕ್ಕಿತು, ಹುಡುಗಿಯ ಮೇಲಿನ ಅನುಮಾನ ಹೋಯಿತು, ಇನ್ನೇನು ಬೇಕು. ಹೊಗಳಿಕೆಯ ಆ ಬೆಚ್ಚಗಿನ ಜಾಗದಲ್ಲಿ ಅವಳು ಒಂದು ಗಳಿಗೆ, ಬಹುಶಃ ಎರಡು ಗಳಿಗೆ, ನಿಂತೇ ಇದ್ದಳು. ಅಷ್ಟರಲ್ಲಿ ಇಪ್ಪತ್ಮೂರು ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬುವುದು ಕಂಡಿತು. ಆತುರವಿಲ್ಲದೆ, ರೂಢಿಯಾದ ಕೆಲಸವೊಂದನ್ನು ಮಾಡುವವರ ಹಾಗೆ.

"ಕೆಡಿಸಿದ್ದೂ ನಾನೇ," ಎಂದಳು ಹೊಲಿಗೆ ಟೀಚರ್. "ಅವಳು ನೀರು ಚೆಲ್ಲಿರಲಿಲ್ಲ. ಕೀಲಿಗೆ ಮಿಷನ್ ಎಣ್ಣೆ ಬಿಟ್ಟಿದ್ದೆ. ಅವತ್ತೇ ಗೊತ್ತಿತ್ತು ನನಗೆ. ಸುಮ್ಮನಿದ್ದೆ."

ಹುಡುಗಿ ಚೀಲದ ದಾರ ಎಳೆದು, ತಲೆ ಎತ್ತಿ, "ನಂಗೂ ಗೊತ್ತಿತ್ತು ಟೀಚರ್," ಎಂದಳು. "ವಾಸನೆ ಬರ್ತಿತ್ತು. ಶನಿವಾರ ಮಿಷನ್ ಹತ್ರ ಬರೋದೇ."

ಮತ್ತೆ ಯಾಕಮ್ಮ ಹೇಳಲಿಲ್ಲ ಎಂದು ಕೇಳಿದವರು ತಪಾಸಣೆಯಾಕೆ.

"ಹೇಳಿದ್ರೆ ಟೀಚರ್ ಇಲ್ಲ ಅಂತಿದ್ರು. ಆಗ ನಾನು ಸುಳ್ಳು ಹೇಳ್ತೀನಿ ಅಂತಲೂ ಆಗ್ತಿತ್ತು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಆ ಮಗು ತಾನು ನೋಡಿದ್ದನ್ನು ಹೇಳಿತ್ತು, ಅಷ್ಟೇ. ನಾನು ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಲು ಹೊಲಿಗೆ ಟೀಚರ್ ಬಾಯಿ ತೆರೆದಳು. ಆ ಸೋಮವಾರ ಇದೇ ಹುಡುಗಿ ತನ್ನತ್ತ ಬೆರಳು ತೋರಿಸಿದ್ದರೆ ಏನಾಗುತ್ತಿತ್ತು ಎಂದು ನೆನೆದಳು. ತನ್ನ ಮುಖ, ಕೈಯಲ್ಲಿನ ಲಾಳಿ, ಸಿಟ್ಟು ಬಂದವಳಂತೆ ಏರುವ ತನ್ನ ದನಿ, ಎಲ್ಲವೂ ಕಣ್ಣಿಗೆ ಕಟ್ಟಿದವು. "ಹೌದು," ಎಂದಳು. "ಇಲ್ಲ ಅಂತಲೇ ಅಂತಿದ್ದೆ." ವಿಚಿತ್ರವೆಂದರೆ ಹೆಮ್ಮೆ ಎಲ್ಲಿತ್ತೋ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ನಾಚಿಕೆಯೂ ಬಂದು ಕೂತಿತ್ತು. ಎರಡೂ ಒಂದನ್ನೊಂದು ತಳ್ಳಾಡಲಿಲ್ಲ.

ತಪಾಸಣೆಯಾಕೆ ಲ್ಯಾಪ್‌ಟಾಪನ್ನು ಮಗುಚಿ ಹರಿದ ಕೆಂಪು ಚೀಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಇದನ್ನು ಹರಿದದ್ದು ತಪ್ಪು, ಬರೆಯಲೇಬೇಕಾಗುತ್ತದೆ ಎಂದರು. ಬರೆಯಿರಿ ಎಂದಳು ಇವಳು. ಅವರು ಬರೆಯಲಿಲ್ಲ. ಪೆನ್ನಿನ ತುದಿಯಿಂದ ಬೀರುವನ್ನು ತೋರಿಸಿ, ನಾನು ನೋಡೋ ಹಾಗೆ ಇನ್ನೊಂದನ್ನ ಬಿಚ್ಚುತ್ತೀರಾ ಎಂದು ಕೇಳಿದರು. ಪರೀಕ್ಷೆಯೋ ಕುತೂಹಲವೋ ತಿಳಿಯಲಿಲ್ಲ. ಹೊಲಿಗೆ ಟೀಚರ್ ಮೆಟ್ಟಿಲ ಕೆಳಗಿನಿಂದ ತನ್ನ ಡಬ್ಬಿ ತಂದಳು. ಮಿಷನ್ನಿನ ಸಣ್ಣ ಸ್ಕ್ರೂಡ್ರೈವರ್, ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತ, ಹೊಲಿಗೆ ಬಿಚ್ಚುವ ಕೊಕ್ಕೆ, ಸೀಮೆಸುಣ್ಣ, ಕಂದು ಕಾಗದ. ಏಳನೇ ನಂಬರನ್ನು ಮಗುಚಿ ಸುತ್ತ ಗೆರೆ ಎಳೆದಾಗ ಕಿಟಕಿಯ ಸರಳುಗಳ ತುಂಬ ಮಕ್ಕಳ ಮುಖಗಳಿದ್ದವು. ಬೆಳಕು ಸಾಲದು ಎಂದಳು. ಕಂಪ್ಯೂಟರ್ ಮಾಸ್ತರು ಮೊಬೈಲಿನ ದೀಪ ಹಚ್ಚಿ ಅವಳ ಭುಜದ ಬಳಿ ಬಗ್ಗಿದರು. ಸ್ವಲ್ಪ ಎಡಕ್ಕೆ ಎಂದಳು. ಎಡಕ್ಕೆ ಹಿಡಿದರು. ಗುಂಡಿ ಹೊಲಿಯುವಾಗಿನ ಹಾಗೆ ಬೆರಳುಗಳು ತಮ್ಮ ಪಾಡಿಗೆ ತಾವು ನಡೆದವು. ಇದರ ಬ್ಯಾಟರಿ ಉಬ್ಬಿ ಸತ್ತಿದೆ ಎಂದಳು. ಹದಿನೆಂಟರ ಪರದೆ ಒಡೆದಿದೆ, ಬ್ಯಾಟರಿ ಚೆನ್ನಾಗಿರಬೇಕು. ಎರಡು ಹಳೆ ಲಂಗದಲ್ಲಿ ಒಂದು ಒಳ್ಳೇದು ಮಾಡೋ ಹಾಗೆ ಮಾಡಬಹುದು. ತಪಾಸಣೆಯಾಕೆ ಅಷ್ಟರಲ್ಲಿ ಕುರ್ಚಿಯಿಂದ ಎದ್ದು ಮೇಜಿಗೆ ಒರಗಿ ನಿಂತಿದ್ದರು. ಊಟದ ಗಂಟೆ ಹೊಡೆಯಿತು, ಯಾರೂ ಹೋಗಲಿಲ್ಲ. ಹದಿನೆಂಟರ ಬ್ಯಾಟರಿಯಿಂದ ಏಳನೇ ನಂಬರು ಉರಿದಾಗ ಕಿಟಕಿಯಾಚೆ ಎದ್ದ ಗದ್ದಲಕ್ಕೆ ಹೆಡ್ ಮೇಡಂ ಗದರಬೇಕಾಗಿತ್ತು, ಗದರಲಿಲ್ಲ. ಮಾಸ್ತರು ದೀಪ ಆರಿಸುವುದನ್ನು ಮರೆತು, ಈ ಪಟ್ಟಿ ಹೀಗೆ ಎಳೆದರೆ ಹರಿಯಲ್ಲವಾ ಎಂದು ಮೆಲ್ಲಗೆ ಕೇಳಿದರು. ಉಗುರಿನಿಂದ ಬೇಡ, ಕೊಕ್ಕೆಯಿಂದ ಎತ್ತಬೇಕು ಎಂದು ಅವಳು ತೋರಿಸಿದಳು.

ಆಮೇಲೆ ಹಾಳೆ ಅವಳ ಮುಂದೆ ಬಂತು. ಇಪ್ಪತ್ತಮೂರನೇ ಸಾಲಿನಲ್ಲಿ 'ಕೆಡಲು ಕಾರಣರಾದವರು' ಎಂಬಲ್ಲಿ ಹುಡುಗಿಯ ಹೆಸರಿತ್ತು. ತಪಾಸಣೆಯಾಕೆ ಅದನ್ನು ಹೊಡೆದುಹಾಕಿ, ನೀವೇ ಬರೆಯಿರಿ ಎಂದು ಪೆನ್ನು ಕೊಟ್ಟರು. ಅವಳು ತನ್ನ ಹೆಸರನ್ನು ಪೂರ್ತಿಯಾಗಿ, ದುಂಡಗೆ ಬರೆದಳು. ಪಕ್ಕದಲ್ಲಿ 'ಸರಿಪಡಿಸಿದವರು' ಎಂಬ ಅಂಕಣ. ಇಡೀ ಹಾಳೆಯಲ್ಲಿ ಅದರ ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಅಲ್ಲಿಯೂ ಅದೇ ಹೆಸರು ಬರೆದು, ಮುಂದೆ 'ಹೊಲಿಗೆ ಟೀಚರ್' ಎಂದು ಸೇರಿಸಿದಳು. ಉಳಿದ ಒಂಬತ್ತರ ವಿಚಾರ ಕಚೇರಿಗೆ ಕೇಳಿ ಹೇಳುತ್ತೇನೆ, ಒಪ್ಪುತ್ತಾರೆ ಎಂದು ಮಾತು ಕೊಡಲಾರೆ ಎಂದರು ತಪಾಸಣೆಯಾಕೆ. ಅವರು ಹೊರಡುವ ಮುಂಚೆ ಹೆಡ್ ಮೇಡಂ ಕಡತದಿಂದ ತಪ್ಪೊಪ್ಪಿಗೆಯ ಕಾಗದ ತೆಗೆದು ಏನು ಮಾಡುವುದೆಂದು ತೋಚದೆ ಹಿಡಿದುಕೊಂಡಿದ್ದರು. ಹುಡುಗಿ ಕೈಚಾಚಿ ಅದನ್ನು ಇಸಿದುಕೊಂಡಳು. ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಇಪ್ಪತ್ತಮೂರನ್ನು ಎತ್ತಿಕೊಂಡು ತನ್ನ ಬೆಂಚಿಗೆ ಹೋದಳು. ಹೊಲಿಗೆ ಟೀಚರಿನತ್ತ ನೋಡಲಿಲ್ಲ. ನೋಡಬೇಕೆಂದು ಇವಳೂ ಬಯಸಲಿಲ್ಲ. ಬಯಸಿದಳು, ಆದರೆ ಅದಕ್ಕೆ ತನಗೆ ಹಕ್ಕಿಲ್ಲವೆಂದುಕೊಂಡಳು.

ಶಾಲೆ ಬಿಟ್ಟ ಮೇಲೆ ಅವಳು ಇಸ್ತ್ರಿ ಅಂಗಡಿಗೆ ನಡೆದಳು. ಹುಡುಗಿ ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದಳು. ಜೊತೆಯಾಗಲೂ ಇಲ್ಲ, ತಪ್ಪಿಸಿಕೊಳ್ಳಲೂ ಇಲ್ಲ; ತಿರುವು ಬಂದಾಗ ಮಾತ್ರ ಒಂದು ಕ್ಷಣ ನಿಂತು ಮುಂದೆ ಹೋದಳು. ಅಂಗಡಿಯೆಂದರೆ ಒಂದು ಮೇಜು, ಒಂದು ಬಲ್ಬು, ಬಿಸಿ ಬಟ್ಟೆಯ ವಾಸನೆ. ತಾಯಿ ಯಾರದೋ ಬಿಳಿ ಅಂಗಿಯ ತೋಳನ್ನು ಹರಡಿಕೊಂಡಿದ್ದಳು. ಹೊಲಿಗೆ ಟೀಚರ್ ರಸ್ತೆಯಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಎಣ್ಣೆ, ಸೋಮವಾರ, ಸಹಿ, ಲಾಳಿ. ಆ ತಾಯಿ ಕೇಳುತ್ತಲೇ ತೋಳು ಮುಗಿಸಿ, ಕಾಲರ್ ಮುಗಿಸಿ, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಅವತ್ತು ಇವಳನ್ನ ಎಲ್ಲರೆದುರು ನಿಲ್ಲಿಸಿದ್ರು," ಎಂದಳು. "ಇವತ್ತು ನೀವೂ ಎಲ್ಲರೆದುರು ಹೇಳಿದ್ರಾ?"

"ಎಲ್ಲರೆದುರೇ ಹೇಳಿದೆ."

ತಾಯಿ ಮಗಳತ್ತ ನೋಡಿದಳು. ಮಗಳು ಹೌದೆಂದು ತಲೆ ಆಡಿಸಿದಳು.

"ಹಾಗಾದ್ರೆ ಸರಿ," ಎಂದು ಆಕೆ ಅಂಗಿಯನ್ನು ಮಡಿಸಿ ಬದಿಗಿಟ್ಟಳು. ಇನ್ನೊಂದನ್ನು ಎಳೆದುಕೊಂಡು, ಈ ಸಲ ಮಗಳನ್ನು ಕೇಳಿದಳು: "ಉರೀತಾ ಅದು?"

"ಉರೀತು. ಒಂಬತ್ತನೇ ಪಾಠ ಮುಗಿಸಿದೆ."

ಇಲ್ಲಿ ಸುಮ್ಮನೆ ತಲೆ ತಗ್ಗಿಸಿ ನಿಲ್ಲಬೇಕಾದದ್ದು ಎಂದು ಹೊಲಿಗೆ ಟೀಚರಿಗೆ ಗೊತ್ತಿತ್ತು. ಗೊತ್ತಿದ್ದೂ, ಎದೆಯೊಳಗಿನ ಹೆಮ್ಮೆ ತುಂಬಿ ಬಂದು, ಅವಳು ತಡೆಯುವ ಮೊದಲೇ ಮಾತಾಗಿ ಹೊರಬಿತ್ತು.

"ತಿರುಗಿ ಜೋಡಿಸಿದ್ಮೇಲೆ ಸ್ಕ್ರೂ ಒಂದೂ ಉಳೀಲಿಲ್ಲ," ಎಂದಳು.

ತಾಯಿ ಕೈ ನಿಲ್ಲಿಸಿ ಅವಳನ್ನೇ ನೋಡಿದಳು. ಹೊಲಿಗೆ ಟೀಚರ್ ಆ ನೋಟವನ್ನು ತಪ್ಪಿಸಲಿಲ್ಲ. ಹುಡುಗಿ ಮೇಜಿನ ಕೆಳಗಿನಿಂದ ಒಂದು ಸ್ಟೂಲು ಎಳೆದು, ಅಂಗೈಯಿಂದ ಧೂಳು ಒರೆಸಿ, ರಸ್ತೆಯಲ್ಲಿ ನಿಂತಿದ್ದ ಟೀಚರಿನ ಕಡೆಗೆ ಇಟ್ಟಳು.